ಬಸ್ ಟಿಕೆಟ್ಟಿನ ಚೂರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲೂ ಹೇಳುತ್ತಾರೆ, ನಾನು ಪಾಠ ಮಾಡುವ ಕಾಲೇಜಿನಲ್ಲೂ ಹೇಳುತ್ತಾರೆ. ಅದನ್ನು ನಮ್ಮ ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಮರಿಯಯ್ಯನವರಷ್ಟು ಸಹಿಸಿಕೊಂಡವರು ಇನ್ನೊಬ್ಬರಿಲ್ಲ. ಬಿಂಡಿಗನವಿಲೆಯಿಂದ ಬೆಳಗಿನ ಬಸ್ಸಿಗೆ ನಾಗಮಂಗಲಕ್ಕೆ ಬಂದಿಳಿದು, ಇಪ್ಪತ್ತಾರು ವರ್ಷದಿಂದ ಅದೇ ಬಾಗಿಲು ತೆಗೆಯುತ್ತಿರುವ ಮನುಷ್ಯ. ಓದಿದ್ದು ಏಳನೇ ಕ್ಲಾಸು. ಯಾವ ಟೈಮರ್ ಯಾವಾಗ ಮೊಂಡಾಟ ಮಾಡುತ್ತದೆ ಅನ್ನುವುದು ಮಾತ್ರ ಬಾಯಿಪಾಠ.

ಕೊನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಹಿಂದಿನ ದಿನ ನಾನೇ ಸೆರಗು ಸಿಕ್ಕಿಸಿ ಉಪಕರಣಗಳನ್ನೆಲ್ಲ ಒರೆಸಿದೆ. ಅದರಲ್ಲೊಂದು, ಗುಂಡು ಬೀಳುವ ಸಮಯ ಅಳೆಯುವುದು. ಮೇಲೆ ಕರೆಂಟಿನ ಕಾಂತವೊಂದು ಕಬ್ಬಿಣದ ಗುಂಡನ್ನು ಹಿಡಿದಿರುತ್ತದೆ. ಸ್ವಿಚ್ ಒತ್ತಿದರೆ ಕರೆಂಟು ನಿಂತು ಗುಂಡು ಬೀಳುತ್ತದೆ, ಅದೇ ಗಳಿಗೆಗೆ ಟೈಮರ್ ಓಡುತ್ತದೆ. ಒಂದು ಮೀಟರ್ ಕೆಳಗಿನ ತಟ್ಟೆಗೆ ಗುಂಡು ತಗಲಿದರೆ ಟೈಮರ್ ನಿಲ್ಲುತ್ತದೆ. ಎಲ್ಲ ಸೇರಿ ಅರ್ಧ ಸೆಕೆಂಡೂ ಇಲ್ಲ. ಆ ಕಾಂತದ ಮುಖಕ್ಕೆ ಜಿಡ್ಡುಗಟ್ಟಿದ ಬಸ್ ಟಿಕೆಟ್ಟಿನ ಚೂರೊಂದು ಅಂಟಿತ್ತು. ಥೂ, ಏನು ಗಲೀಜು ಅಂತ ಉಗುರಲ್ಲಿ ಕೆರೆದು ಬಿಸಾಡಿದೆ.

ಪರೀಕ್ಷೆಯ ಬೆಳಿಗ್ಗೆ ಮರಿಯಯ್ಯ ಬಾಗಿಲಲ್ಲಿ ನಿಂತು, "ಮೇಡಮ್ಮೋರೆ, ಒಂದ್ ಮಾತು..." ಅಂದರು.

"ಮಾತು ಗೀತು ಏನೂ ಬೇಡ. ಇವತ್ತು ಯಾರ ಮೇಜಿನ ಹತ್ತಿರವೂ ಸುಳಿಯಬೇಡಿ. ಅಟೆಂಡರುಗಳು ಉತ್ತರ ಪಿಸುಗುಟ್ಟುತ್ತಾರೆ ಅಂತ ಮೊದಲೇ ದೂರು ಇದೆ," ಎಂದು ಗದರಿದೆ. ಅವರು ಹೊರಗೆ ಹೋಗಿ ನಿಂತರು.

ಗುಂಡಿನ ಪ್ರಯೋಗ ರಂಜಿತಳಿಗೆ ಬಂತು. ಕೈ ಶುದ್ಧ, ಮನಸ್ಸು ಶುದ್ಧ ಇರುವ ಹುಡುಗಿ. ಇದರಲ್ಲಿ ಫೇಲಾದರೆ ಅವಳ ಬಿ.ಎಡ್. ಸೀಟು ಹೋದಂತೆಯೇ. "ಇನ್ನೊಂದ್ ವರ್ಸ ಅಂದ್ರೆ ಮನೇಲಿ ಓದ್ಸಕ್ಕಿಲ್ಲ ಮೇಡಂ," ಎಂದು ನನ್ನ ಹತ್ತಿರ ಅತ್ತಿದ್ದಳು.

ಟೈಮರಿನಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಐದು ಬರಬೇಕಾದ ಕಡೆ ನಾಲ್ಕು ಒಂಬತ್ತು ಬಂತು. ಮತ್ತೆ ಬಿಟ್ಟಳು, ನಾಲ್ಕು ಎಂಟು. ಮತ್ತೆ ನಾಲ್ಕು ಒಂಬತ್ತು. ಹಣೆಯಲ್ಲಿ ಬೆವರು. ಪರೀಕ್ಷಕರು ಹಾಳೆ ಇಣುಕಿ, "ಭೂಮಿ ನಿನಗೊಬ್ಬಳಿಗೇ ಬೇರೆ ಥರ ಎಳೆಯುತ್ತಾ? ಇನ್ನು ಹದಿನೈದು ನಿಮಿಷ ಇದೆ," ಅಂದರು. ಏನಾಗಿದೆಯೆಂದು ನನಗೂ ಹೊಳೆಯಲಿಲ್ಲ.

ಬಾಗಿಲ ಸಂದಿಯಲ್ಲಿ ಮರಿಯಯ್ಯ ನನ್ನ ಕಡೆ ನೋಡಿ, ತೆಳ್ಳನೆಯದೇನನ್ನೋ ಹಿಡಿದ ಹಾಗೆ ಬೆರಳು ಉಜ್ಜಿ ತೋರಿಸುತ್ತಿದ್ದರು. ನಾನು ಕಣ್ಣು ಕೆಕ್ಕರಿಸಿದೆ. ಹತ್ತು ನಿಮಿಷ ಉಳಿಯಿತು. ರಂಜಿತ ಬರೆದ ಅಂಕಿಯನ್ನು ಹೊಡೆದುಹಾಕಲು ಪೆನ್ನೆತ್ತಿ, ಹಾಗೇ ಹಿಡಿದು ಕೂತಳು.

ಅಷ್ಟರಲ್ಲಿ ಮರಿಯಯ್ಯ ಒಳಗೆ ಬಂದೇಬಿಟ್ಟರು! ನೇರ ಪರೀಕ್ಷಕರ ಮುಂದೆ ನಿಂತರು.

"ಯಾರ್ರೀ ನೀವು? ಈ ಹುಡುಗಿ ಪರೀಕ್ಷೆ ರದ್ದು ಮಾಡಬೇಕಾ?"

"ಮಗೀಗೆ ಏನೂ ಯೋಳಕ್ಕಿಲ್ಲ ಸಾ, ತಮಗೇ ಯೋಳ್ತೀನಿ." ಕಾಂತದ ಕಡೆ ಬೆರಳು ತೋರಿಸಿದರು. "ಕರೆಂಟ್ ನಿಂತ್ರೂ ಆ ಗುಂಡು ಕಾಂತಕ್ಕೆ ಒಂದ್ ಚಣ ಅಂಟ್ಕಂಡಿರ್ತದೆ. ಟೈಮರ್ ಮಾತ್ರ ಓಡ್ತಾ ಇರ್ತದೆ. ಮಧ್ಯಕ್ಕೆ ಕಾಗ್ದ ಮಡಗಬೇಕು. ಮೊದ್ಲು ಇತ್ತು, ಈಗಿಲ್ಲ." ಜೇಬಿನಿಂದ ಅವತ್ತಿನ ಬಸ್ ಟಿಕೆಟ್ ತೆಗೆದು, ಚೂರು ಹರಿದು ಅವರ ಕೈಗಿಟ್ಟರು. "ತಾವೇ ಬುಟ್ನೋಡಿ."

ಪರೀಕ್ಷಕರು ತಾವೇ ಅಂಟಿಸಿ ಸ್ವಿಚ್ ಒತ್ತಿದರು. ಸೊನ್ನೆ ಪಾಯಿಂಟ್ ನಾಲ್ಕು ಐದು ಎರಡು. ಮತ್ತೊಮ್ಮೆ ಬಿಟ್ಟರು. ಅದೇ.

"ಹಾಗಾದರೆ ಮೊದಲು ಇದ್ದ ಕಾಗದ ತೆಗೆದಿದ್ದು ಯಾರು? ವರದಿಯಲ್ಲಿ ಬರೀಬೇಕು."

"ನಾನೇಯ ಸಾ. ಗುಡಿಸ್ವಾಗ ಕಿತ್ತಾಕ್ಬುಟ್ಟೆ," ಅಂದರು ಮರಿಯಯ್ಯ.

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಅವರು ಹೇಳಲು ಬಂದದ್ದು ಇದನ್ನೇ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಅಲ್ಲ ಸಾರ್," ಎಂದೆ, ಎಲ್ಲ ಹುಡುಗರಿಗೂ ಕೇಳಿಸುವ ಹಾಗೆ. "ಕಿತ್ತವಳು ನಾನು. ಇವರು ಹೇಳಲು ಬಂದರು, ನಾನು ಬಾಯಿ ಮುಚ್ಚಿಸಿದೆ. ನನ್ನ ಹೆಸರೇ ಬರೆಯಿರಿ. ಪ್ರಮೀಳಾ."

ಪರೀಕ್ಷಕರು ಬರೆದುಕೊಂಡು, ರಂಜಿತಳಿಗೆ ಅರ್ಧ ಗಂಟೆ ಹೆಚ್ಚು ಕೊಟ್ಟರು. ನಾನು ನನ್ನ ಕುರ್ಚಿಯನ್ನು ಮರಿಯಯ್ಯನವರ ಕಡೆ ಎಳೆದೆ. ಅವರು ಕೂರಲಿಲ್ಲ.

"ಇರ್ಲಿ ಬುಡಿ ಮೇಡಮ್ಮೋರೆ, ಮೊದ್ಲು ಮಗು ಬರ್ಕಳ್ಲಿ," ಎಂದು ಬಾಗಿಲಾಚೆ ಹೋಗಿ ನಿಂತರು.