ನಡುಹೊಳೆಯಲ್ಲಿ ನಿಂತ ಕಂಪ್ಯೂಟರ್

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ, ಕಂಪ್ಯೂಟರನ್ನು ಅದರ ಯೋಗ್ಯತೆಗಿಂತ ಜೋರಾಗಿ ಓಡಿಸುವುದು. ಅದರೊಳಗಿನ ಮೆಮೊರಿ ಸ್ಟಿಕ್ಕುಗಳಿಗೆ ತಯಾರಿಸಿದವರೇ ಒಂದು ವೇಗ ಗೊತ್ತು ಮಾಡಿ ಕಳಿಸಿರುತ್ತಾರೆ. ಇವರು ಸೆಟ್ಟಿಂಗಿಗೆ ಕೈ ಹಾಕಿ, ವೋಲ್ಟೇಜು ಚೂರು ಏರಿಸಿ, ಅದಕ್ಕೂ ಮೇಲೆ ಓಡಿಸುತ್ತಾರೆ. ಓವರ್‌ಕ್ಲಾಕಿಂಗ್ ಅಂತೆ ಅದರ ಹೆಸರು. ಕಚೇರಿಯಿಂದ ಬಂದವರೇ ಚಹಾ ಲೋಟ ಹಿಡಿದು ಪರದೆಯ ಮುಂದೆ ಕೂತು, "ನೋಡು, ಇನ್ನೂ ಸ್ವಲ್ಪ ಮೇಲೆ ಹೋಯ್ತು" ಎಂದು ಹಿಗ್ಗುವಾಗ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಚುಚ್ಚುತ್ತಿದ್ದೆ. ಅವರು ಅದಕ್ಕೂ ನಗುತ್ತಿದ್ದರು.

ಆದರೆ ಆ ಕಂಪ್ಯೂಟರ್ ನನ್ನ ಅನ್ನವೂ ಹೌದು. ಹೊನ್ನಾವರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಮದುವೆ ವಿಡಿಯೋಗಳಿಗೆ ಧ್ವನಿ ಕೂಡಿಸುತ್ತೇನೆ. ಕುಮಟಾ, ಭಟ್ಕಳದ ಫೋಟೋಗ್ರಾಫರುಗಳೂ ಕೆಲಸ ಕಳಿಸುತ್ತಾರೆ. ಮೊದಲು ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಕೋಣೆ ಅದು. ಗೋಡೆಗೆಲ್ಲ ಹಳೆ ಹಾಸಿಗೆ ಕಟ್ಟಿ ನಡುವೆ ಮೈಕು ನಿಲ್ಲಿಸಿದ್ದೇವೆ. ರೆಕಾರ್ಡಿಂಗ್ ಶುರುವಾಯಿತೆಂದರೆ ಕಿಟಕಿ ಮುಚ್ಚಬೇಕು, ಫ್ಯಾನ್ ಬಂದ್ ಮಾಡಬೇಕು. ಇಲ್ಲದಿದ್ದರೆ ಫ್ಯಾನಿನ ಗರಗರ, ಹೆದ್ದಾರಿಯ ಲಾರಿ ಎಲ್ಲವೂ ಹಾಡಿನೊಳಗೆ ಬಂದು ಕೂರುತ್ತವೆ.

ಆ ಕೋಣೆಗೆ ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ಬಂದಳು. ನನ್ನ ಗಂಡನ ತಾಯಿಯ ಅಕ್ಕ. ಮಾವಳ್ಳಿಯಲ್ಲಿ ಗದ್ದೆ, ತರಕಾರಿ ಮಾಡಿಕೊಂಡಿರುವವಳು. ಮದುವೆ ಮನೆಯಲ್ಲಿ ಹಾಡು ಹೇಳಲು ಸುತ್ತಲಿನವರೆಲ್ಲ ಅವಳನ್ನೇ ಕರೆಯುವುದು. ಅವಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ದನಿ ಮೊದಲಿನ ಹಾಗೆ ಇದ್ದೀತೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅವಳು ಅಳಲಿಲ್ಲ, ಚೀಲ ಹಿಡಿದು ಬಸ್ ಹತ್ತಿ ನೇರ ನಮ್ಮಲ್ಲಿಗೆ ಬಂದಳು.

"ಹೆಣ್ಣು ಒಪ್ಸೂ ಹಾಡು ಒಂದು ಪೂರಾ ತುಂಬ್ಸಿಡು ತಂಗಿ. ಮತ್ತೆ ಎಂತ ಬೇಕಾರೂ ಆಗ್ಲಿ" ಎಂದಳು.

ಮದುಮಗಳು ದೋಣಿ ಹತ್ತುವಲ್ಲಿಂದ ಆಚೆ ದಡದಲ್ಲಿ ಅತ್ತೆ ಕೈಹಿಡಿದು ಇಳಿಸಿಕೊಳ್ಳುವವರೆಗಿನ ಹಾಡು ಅದು, ಹನುಮಂತನ ಬಾಲದಷ್ಟು ಉದ್ದ. ಅವಳ ಕಡೆಯ ಹೆಂಗಸರು ಅದನ್ನು ಶುರು ಮಾಡಿದರೆ ನಡುವೆ ಬಿಡುವ ಪದ್ಧತಿಯಿಲ್ಲ. ಬಿಟ್ಟರೆ ಹೆಣ್ಣು ಹೊಳೆಯಲ್ಲೇ ಉಳಿದಳೆಂದು ಲೆಕ್ಕ. ತುಂಡು ತುಂಡಾಗಿ ಹೇಳಿಸಿ ಆಮೇಲೆ ಜೋಡಿಸುತ್ತೇನೆ ಎಂದು ನಾನು ಹೇಳಿ ನೋಡಿದೆ. ನಾನೇನೋ ಹೊಲಸು ಮಾತಾಡಿದೆ ಎಂಬಂತೆ ನನ್ನನ್ನು ನೋಡಿದಳು.

ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಶುರು ಮಾಡಿದೆವು. ಎಂಥ ದನಿ! ಇಷ್ಟು ವರ್ಷ ಎಷ್ಟೋ ಜನರ ದನಿ ಕೇಳಿದ್ದೇನೆ, ಮೈ ಜುಮ್ಮೆಂದದ್ದು ಆವತ್ತೇ. ಹಾಡಿನಲ್ಲಿ ಹೆಣ್ಣು ನಡುಹೊಳೆಗೆ ಬಂದಿದ್ದಳು, ಅಷ್ಟರಲ್ಲಿ ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತಿತು. ನಾನು ಗಾಬರಿಯಿಂದ ನಿಲ್ಲಿಸು ಎಂದು ಕೈ ಮಾಡಿದೆ. ದೊಡ್ಡಮ್ಮ ನಿಲ್ಲಿಸಲಿಲ್ಲ. ಬೆವರು ಒರೆಸಿಕೊಳ್ಳುತ್ತಲೇ ಉಳಿದಷ್ಟನ್ನೂ ಹೇಳಿ, ಹೆಣ್ಣನ್ನು ದಡಕ್ಕಿಳಿಸಿ, ಆಮೇಲೆ ಕೇಳಿದಳು, "ಎಂತ ಆತೇ ತಂಗಿ?"

ಕಂಪ್ಯೂಟರ್ ನಿಂತಿತೆಂದೆ.

"ಅದು ನಿಂತ್ರೆ ನಾ ನಿಲ್ಸೂಕೆ ಆಗ್ತದಾ? ಹೆಣ್ಣು ಹೊಳೆಲಿದ್ದಳಲ್ಲೇ."

ಮರುದಿನ ಬೆಳಿಗ್ಗೆ ಮತ್ತೆ ಕೂತೆವು. ಮತ್ತೆ ನಡುಹೊಳೆಯಲ್ಲೇ ಕೈಕೊಟ್ಟಿತು. ಅವಳು ಮತ್ತೆ ದಡ ಮುಟ್ಟಿಸಿದಳು, ಆದರೆ ಈ ಸಲ ಗಂಟಲು ಕಟ್ಟಿತ್ತು. ಪಕ್ಕದಲ್ಲಿ ಮೊಬೈಲ್ ಇಟ್ಟು ತುಂಬಿಕೊಂಡದ್ದನ್ನು ಕೇಳಿದರೆ, ಅವಳು ದನಿ ತಗ್ಗಿಸಿದ ಜಾಗಗಳನ್ನೆಲ್ಲ ಅದು ನುಂಗಿ ಹಾಕಿತ್ತು. ಆ ಹಾಡಿನ ಜೀವವೇ ಆ ತಗ್ಗಿದ ಜಾಗಗಳಲ್ಲಿತ್ತು.

ನನ್ನ ಸಿಟ್ಟು ಗಂಡನ ಮೇಲೆ ತಿರುಗಿತು. "ನಿಮ್ಮ ಹುಚ್ಚಿನಿಂದ್ಲೇ ಇದು. ಹಳೇ ವೇಗಕ್ಕೆ ಹಾಕಿ ಬಿಡಿ ಮಾರಾಯ್ರೆ!"

"ಹಾಕೂದು ಒಂದು ನಿಮಿಷದ ಕೆಲಸ" ಎಂದರು. "ಆದ್ರೆ ತಪ್ಪು ವೇಗದ್ದೇ ಅಂತ ಹೇಗೆ ಹೇಳ್ತೆ? ಸ್ಟಿಕ್ಕೇ ಕೆಟ್ಟಿದ್ರೆ ಹಳೇ ವೇಗದಲ್ಲೂ ನಿಲ್ತದೆ. ಅವಳ ಗಂಟಲಲ್ಲಿ ಇನ್ನು ಒಂದೇ ಸಲದ ಹಾಡಿದೆ. ಕಾರಣ ಗೊತ್ತಾಗದೆ ಅವಳನ್ನ ಕೂರಿಸೂದಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ ಎಂದು ಗೊಣಗಿಕೊಂಡೆ. ದೊಡ್ಡಮ್ಮ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುತ್ತ, ಯಾರೊಡನೆಯೂ ಮಾತಾಡದೆ ಉಳಿದಳು. ಇವರು ಕಚೇರಿಗೆ ರಜೆ ಹಾಕಿ ಕೂತರು.

ಒಂದು ಸ್ಟಿಕ್ಕು ತೆಗೆದು ಇನ್ನೊಂದನ್ನೇ ಬಿಟ್ಟು, ಮೆಮೊರಿಯ ತಪ್ಪು ಹುಡುಕುವ ಪರೀಕ್ಷೆ ಓಡಿಸಿದರು. ಆಮೇಲೆ ಅದನ್ನು ತೆಗೆದು ಮೊದಲಿನದು. ಆಮೇಲೆ ಜಾಗ ಅದಲು ಬದಲು. ಕಡಲ ಗಾಳಿಗೆ ನಮ್ಮಲ್ಲಿ ಬೀಗದ ಕೈಯೂ ತುಕ್ಕು ಹಿಡಿಯುತ್ತದಲ್ಲ, ಸ್ಟಿಕ್ಕಿನ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಎಲ್ಲ ಪರೀಕ್ಷೆಯಲ್ಲೂ ಪಾಸು! ತಪ್ಪೇ ಸಿಗುವುದಿಲ್ಲ. ನಾನಾಗಿದ್ದರೆ ಕಂಪ್ಯೂಟರನ್ನು ಬಾವಿಗೆ ಹಾಕುತ್ತಿದ್ದೆ.

"ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ಮಾರಾಯ್ತಿ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಆತು ಅಂತ ಯಾವತ್ತೂ ಗೊತ್ತಾಗೂದಿಲ್ಲ" ಎಂದರು. ಸಾರು ಕೆಟ್ಟರೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿದು ಕೊನೆಗೆ ಮೀನಿಗೆ ಬೈಯುವವಳು ನಾನು. ಈ ಮನುಷ್ಯನ ತಾಳ್ಮೆ ಹುಚ್ಚಿನದಲ್ಲ, ಅದೊಂದು ವಿದ್ಯೆ ಎಂದು ನನಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದಾಗ ಅವರು ಪರದೆ ಬಿಟ್ಟು ಸೂರು ನೋಡುತ್ತಿದ್ದರು. ಫ್ಯಾನ್ ಪೂರ್ತಿ ಜೋರಾಗಿ ತಿರುಗುತ್ತಿತ್ತು. ತೆರೆದ ಕಿಟಕಿಯಿಂದ ಒಳ್ಳೆ ಗಾಳಿ.

"ಅವಳು ಹಾಡು ಹೇಳೂವಾಗ ಇದು ಬಂದ್ ಇತ್ತಲ್ಲ?" ಎಂದರು.

ಎದ್ದು ಕಿಟಕಿ ಮುಚ್ಚಿದರು, ಫ್ಯಾನ್ ಆರಿಸಿದರು, ಪರೀಕ್ಷೆ ಹೊಸದಾಗಿ ಓಡಿಸಿ ದೊಡ್ಡಮ್ಮ ಕೂರುವ ಜಾಗದಲ್ಲೇ ಹೋಗಿ ಕೂತರು. ಮಳೆ ಹಿಡಿಯುವ ಮುಂಚಿನ ಸೆಕೆ, ಕೋಣೆ ಬೇಯುತ್ತಿತ್ತು. "ಹೊರಗೆ ಬನ್ನಿ, ಅದರಷ್ಟಕ್ಕೆ ಅದು ಓಡ್ತದೆ" ಎಂದೆ.

"ಅವಳು ಒಳಗೇ ಕೂತಿದ್ದಳಲ್ಲ. ಒಂದು ಮೈಯ ಸೆಕೆಯೂ ಲೆಕ್ಕಕ್ಕೆ ಬೇಕು" ಎಂದು ಬಾಗಿಲು ಹಾಕಿಸಿಕೊಂಡರು.

ಹೊರಗೆ ಬಂದಾಗ ಸ್ನಾನ ಮಾಡಿದವರಂತೆ ತೊಯ್ದಿದ್ದರು, ಮುಖದಲ್ಲಿ ಮಾತ್ರ ಹಬ್ಬ. ಪರದೆಯ ತುಂಬ ಕೆಂಪು ಅಕ್ಷರದಲ್ಲಿ ತಪ್ಪುಗಳು. ಏರಿಸಿದ ವೋಲ್ಟೇಜಿಗೆ ಸ್ಟಿಕ್ಕುಗಳು ಮೊದಲೇ ಬಿಸಿ. ಗಾಳಿಯಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದವು, ಮುಚ್ಚಿದ ಕೋಣೆಯಲ್ಲಿ ಹಾಡಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾದು ಲೆಕ್ಕ ತಪ್ಪುತ್ತಿದ್ದವು. ನಾವು ಪರೀಕ್ಷೆ ಮಾಡುತ್ತಿದ್ದುದು ಫ್ಯಾನಿನ ಕೆಳಗೆ, ಕೆಲಸ ಮಾಡಿಸುತ್ತಿದ್ದುದು ಸೆಕೆಯಲ್ಲಿ.

ಅಷ್ಟು ದಿನ ಮುದ್ದಿನಿಂದ ಏರಿಸಿಟ್ಟಿದ್ದ ವೇಗವನ್ನು ಅವರೇ ಕೈಯಾರೆ ಇಳಿಸಿದರು. ಮತ್ತೆ ಅದೇ ಬೇಯುವ ಕೋಣೆಯಲ್ಲಿ ಕೂತು ಮತ್ತೊಂದು ಪರೀಕ್ಷೆ. ಒಂದೂ ತಪ್ಪಿಲ್ಲ. ಆ ತೊಯ್ದ ಅಂಗಿಯ ಮನುಷ್ಯನನ್ನು ನೋಡಿ ನನಗೆ ಉಕ್ಕಿ ಬಂದ ಪ್ರೀತಿಯನ್ನು ಮದುವೆಯ ಹೊಸತರಲ್ಲೂ ನಾನು ಕಂಡಿರಲಿಲ್ಲ.

ಗಂಟಲು ತಿಳಿಯಾದ ಮೇಲೆ ದೊಡ್ಡಮ್ಮ ಹಾಡು ಹೇಳಿದಳು. ನಡುಹೊಳೆ ಬಂದಾಗ ನನ್ನ ಕಣ್ಣು ಪರದೆಯ ಮೇಲೆಯೇ ಇತ್ತು. ಹೊಳೆ ದಾಟಿತು, ದಡ ಬಂತು, ಅತ್ತೆ ಕೈಚಾಚಿದಳು.

"ಮುಟ್ತಾ?" ಎಂದಳು ದೊಡ್ಡಮ್ಮ.

"ಮುಟ್ತು ದೊಡ್ಡಮ್ಮ" ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ದನಿ ಮಾತ್ರ ತಿರುಗಿ ಬಂದದ್ದು ಒರಟಾಗಿ. ಮಾತಾಡುತ್ತಾಳೆ, ಬೈಯುತ್ತಾಳೆ, ಹಾಡಿಗೆ ಏರುವುದಿಲ್ಲ.

ಮರುವರ್ಷ ಮಾವಳ್ಳಿಯಲ್ಲಿ ಅವಳ ಪಕ್ಕದ ಮನೆಯ ಹುಡುಗಿಯ ಮದುವೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು, ಅವಳು ನನ್ನ ಕಡೆ ನೋಡಿದಳು. ನಾನು ಸ್ಪೀಕರಿನಲ್ಲಿ ಹಾಡು ಹಚ್ಚಲು ಹೋದೆ. ಅವಳು ತಡೆದು, ಎದ್ದು ಹೋಗಿ, ಸುತ್ತ ಗೋಡೆಯಿದ್ದ ಆ ಜಗಲಿಯ ಫ್ಯಾನುಗಳನ್ನೆಲ್ಲ ಬಂದ್ ಮಾಡಿ ಬಂದು ಕೂತಳು. "ಎಂತಕ್ಕೆ ದೊಡ್ಡಮ್ಮ, ಸೆಕೆ ಅಲ್ದಾ?" ಎಂದು ಹೆಂಗಸರು ಗಲಾಟೆ ಮಾಡಿದರು. ಅವಳು ಬಾಯಿಗೆ ಬೆರಳಿಟ್ಟು ಕಣ್ಣು ಮುಚ್ಚಿದಳು.

ತುಂಬಿಟ್ಟ ಹಾಡು ಕೇಳಲು ಫ್ಯಾನ್ ಆರಿಸಬೇಕಿಲ್ಲ ಎಂದು ಆ ಜಗಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ನನ್ನ ಗಂಡ. ಅವರು ಎದ್ದು ಹೋಗಿ ಕಿಟಕಿ ಮುಚ್ಚಿದರು.