ಮದುಮಗ ನೆಲಕ್ಕೆ ಕಾಲಿಟ್ಟಾಗ

ನನ್ನ ಮದುವೆ ನಡೆದದ್ದು ತವರೂರು ಸೊಕ್ಕೆಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ನಮ್ಮೂರ ಮೇಲೆ ಮಿಲಿಟರಿ ವಿಮಾನಗಳ ಕಾಟ. ಎಲ್ಲಿಂದ ಬರುತ್ತಿದ್ದವೋ, ನಮ್ಮ ಬಯಲು ಅವಕ್ಕೆ ಏಕೆ ಅಷ್ಟು ಹಿಡಿಸಿತ್ತೋ, ಯಾರಿಗೂ ಗೊತ್ತಿರಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ನೋಡಲು ಬಂದವರ ಹಾಗೆ ಕೆಳಗೆ ಹಾರುತ್ತಿದ್ದವು. ತಲೆಯ ಮೇಲೆ ಹಾದುಹೋದ ಮೇಲೆಯೇ ಸದ್ದು ಬಡಿಯುತ್ತಿತ್ತು. ಎಮ್ಮೆಗಳು ಹಗ್ಗ ಹರಿಯುತ್ತಿದ್ದವು, ನಮ್ಮಜ್ಜಿ ಪೈಲಟ್‌ನ ವಂಶವನ್ನೇ ಬೈಯುತ್ತಿದ್ದಳು.

ಗಂಡಿನ ಕಡೆಯವರು ಹೊನ್ನಾಳಿ ಹತ್ತಿರದ ಸಾಸ್ವೆಹಳ್ಳಿಯವರು, ಗದ್ದೆ ಮಾಡುವ ಜನ. ಮದುಮಗ ಕುದುರೆಯ ಮೇಲೆಯೇ ಬರಬೇಕೆಂದು ಅವರ ಸೋದರತ್ತೆ ಹಟ ಹಿಡಿದರು. ಮದುಮಗನಿಗೋ ಎತ್ತಿನ ಗಾಡಿ ಬಿಟ್ಟರೆ ಬೇರೆ ಸವಾರಿ ಗೊತ್ತಿರಲಿಲ್ಲ. ಜಗಳೂರಿನ ಜಟಕಾ ಸಾಬರು ಕುದುರೆ ಕೊಡಲು ಒಪ್ಪಿದರು. ಸೊಂಟ ಹಿಡಿದಿದ್ದರಿಂದ ತಾವು ಹಿಂದೆ ಗಾಡಿಯಲ್ಲಿ ಬರುವುದಾಗಿ ಹೇಳಿ, ಒಂದು ಷರತ್ತು ಹಾಕಿದರು.

“ವಿಮಾನ ಬಂದ್ರೆ ಮೇಲೆ ಕೂರಬ್ಯಾಡ್ರಿ. ಜಲ್ದಿ ಇಳಿದು, ಲಗಾಮು ಹಿಡ್ಕಂಡು, ಅದರ ಮಕದ ಹತ್ರ ನಿಂತು ಮಾತಾಡ್ಸ್ರಿ. ಇಲ್ಲಾಂದ್ರೆ ನಿಮ್ಮನ್ನ ಕೆಡವಿ ಜನದ ಮೇಲೆ ನುಗ್ತೈತೆ.”

“ಅದೆಂಗೆ ಇಳಿಯಾಕೆ ಆಗ್ತೈತೆ?” ಎಂದರು ಸೋದರತ್ತೆ. “ಹಂದರ ಸೇರೋತನಕ ಮದುಮಗನ ಕಾಲು ನೆಲಕ್ಕೆ ತಾಕಂಗಿಲ್ಲ. ತಾಕಿದ್ರೆ ದಿಬ್ಬಣ ವಾಪಸ್!”

ಇಳಿಯದಿದ್ದರೆ ಗಂಡು ಹೋಗುತ್ತದೆ, ಇಳಿದರೆ ಮದುವೆ ಹೋಗುತ್ತದೆ. ಕೊನೆಗೆ ಅಪ್ಪ ಉಪಾಯ ಹೂಡಿದರು. ನನ್ನ ಇಬ್ಬರು ಸೋದರಮಾವಂದಿರು ಕುದುರೆಯ ಪಕ್ಕದಲ್ಲಿ ಕರಿ ಕಂಬಳಿ ಹಿಡಿದು ನಡೆಯುವುದು, ವಿಮಾನ ಬಂದರೆ ಹಾಸುವುದು, ಮದುಮಗ ಅದರ ಮೇಲೆ ಇಳಿಯುವುದು. ಸೋದರತ್ತೆ ಮೂತಿ ತಿರುವಿ ಒಪ್ಪಿದರು.

ದಿಬ್ಬಣ ಬರುವಾಗ ಮದುಮಗಳು ಒಳಗಿರಬೇಕು. ನಾನು ಬಾಸಿಂಗ ಕಟ್ಟಿಸಿಕೊಂಡೇ ಮಾಳಿಗೆ ಹತ್ತಿದೆ. ಗಂಡನನ್ನು ಕಾಯಲು ಯಾರಾದರೂ ಬೇಡವೇ? ಮುಂದೆ ಕಳಸ ಹಿಡಿದ ಹೆಂಗಸರು, ಹಿಂದೆ ಕುದುರೆಯ ಮೇಲೆ ಬಿಗಿದುಕೊಂಡು ಕೂತ ಮದುಮಗ. ಓಣಿಗೆ ತಿರುಗುವಾಗಲೇ ಬಂತು ವಿಮಾನ.

ಕುದುರೆ ತಲೆ ಕೊಡವಿ ಅಡ್ಡಾದಿಡ್ಡಿ ಕುಣಿಯಿತು. ಮಾವಂದಿರು ಕಂಬಳಿ ಬಿಚ್ಚಿದರು, ಆದರೆ ಹಾಸಲಿಲ್ಲ; ಇಬ್ಬರೂ ಅದನ್ನೇ ಹೊದ್ದುಕೊಂಡು ಮುದುರಿ ಕೂತರು. ಮದುಮಗ ಕಂಬಳಿಯನ್ನು ನೋಡಿದರು, ಮುಂದಿದ್ದ ಹೆಂಗಸರನ್ನು ನೋಡಿದರು, ಬರಿ ನೆಲಕ್ಕೆ ಧುಮುಕಿ ಲಗಾಮು ಹಿಡಿದರು. “ಹೋ ಹೋ, ಏನಿಲ್ಲ ನಮ್ಮಪ್ಪಾ, ಏನಿಲ್ಲ” ಎಂದು ಎತ್ತಿಗೆ ಹೇಳುವಂತೆ ಹೇಳುತ್ತ ಅದರ ಕುತ್ತಿಗೆ ಸವರಿದರು. ಕುದುರೆ ನಿಂತಿತು.

“ಕಾಲು ತಾಕ್ತು! ದಿಬ್ಬಣ ತಿರುಗಿಸ್ರಿ!” ಎಂದು ಸೋದರತ್ತೆ ಕೂಗಿದರು.

ನನಗೆ ರೇಗಿಹೋಯಿತು. ಮಾಳಿಗೆಯಿಂದಲೇ ಕಿವಿಗೆ ಕೈಯಿಟ್ಟು ಕಿರುಚಿದೆ: “ಏನಂದ್ರಿ ಅತ್ತೀ? ವಿಮಾನದ ಸದ್ದಿಗೆ ಕಿವಿ ಮುಚ್ಚೈತೆ, ಏನೂ ಕೇಳ್ತಿಲ್ಲ!”

ಅಪ್ಪ ನನ್ನತ್ತ ನೋಡಿ, ತಕ್ಷಣ ತಮ್ಮ ಕಿವಿಯನ್ನೂ ತಿಕ್ಕಿಕೊಂಡರು. “ನಂಗೂ ಕೇಳ್ತಿಲ್ಲ ಕಣಮ್ಮಾ.” ಮದುವೆ ಮಾಡಿಸಲು ಬಂದ ಅಯ್ನೋರು ಕಿವಿಯೊಳಗೆ ಬೆರಳು ತಿರುವಿದರು. ಕಂಬಳಿಯೊಳಗಿನ ಮಾವಂದಿರೂ ಕಿವುಡರಾದರು. ಸೋದರತ್ತೆ ಕೂಗಿದಷ್ಟೂ ವಾದ್ಯದವರು ಜೋರಾಗಿ ಊದಿದರು.

ಮದುಮಗ ಮತ್ತೆ ಕುದುರೆ ಹತ್ತಲಿಲ್ಲ. ಲಗಾಮು ಹಿಡಿದು ನಡೆದುಕೊಂಡೇ ಹಂದರಕ್ಕೆ ಬಂದರು. ತಾಳಿ ಕಟ್ಟುವಾಗ ಅವರ ಕೈ ಇನ್ನೂ ಗಡಗಡ ನಡುಗುತ್ತಿತ್ತು, ಗಂಟು ಹಾಕಲು ಒದ್ದಾಡಿದರು. ಇಷ್ಟು ಹೆದರಿಯೂ ಲಗಾಮು ಬಿಡಲಿಲ್ಲವಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಈ ಮದುವೆಗೆ ಮನೆಯವರೆಲ್ಲ ಒಪ್ಪಿ ತಿಂಗಳುಗಳೇ ಆಗಿದ್ದವು. ನಾನು ಒಪ್ಪಿದ್ದು ಆಗ.