ಮೂರು ಕಾಲು, ಒಂದು ಟವೆಲ್

ನಾನು ಮೊದಲಿನಿಂದಲೂ ಅನುಮಾನದ ಮನುಷ್ಯ. ಬಸ್ಸಿನಲ್ಲಿ ಯಾರಾದರೂ ತಾವಾಗಿಯೇ ಎದ್ದು ಸೀಟು ಬಿಟ್ಟುಕೊಟ್ಟರೆ, ಸೀಟು ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡಿ ಕೂರುತ್ತೇನೆ. ಇದಕ್ಕೆಲ್ಲ ನಿಮ್ಮ ನೌಕರಿಯೇ ಕಾರಣ ಅನ್ನುತ್ತಾಳೆ ಹೆಂಡತಿ. ಇರಬಹುದು. ಕಲಘಟಗಿ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷದಿಂದ ಇದ್ದೇನೆ. ಊರವರ ಬಾಯಲ್ಲಿ ದನದ ಡಾಕ್ಟ್ರು. ಎಮ್ಮೆ ನಿನ್ನೆಯಿಂದ ಮೇವು ಬಿಟ್ಟಿದೆ ಅಂದರೆ ನಾಲ್ಕು ದಿನದಿಂದ ಬಿಟ್ಟಿದೆ ಎಂದೇ ಲೆಕ್ಕ. ರೋಗಿಗೆ ಮಾತು ಬರುವುದಿಲ್ಲ, ಮಾತು ಬರುವವರು ನಿಜ ಹೇಳುವುದಿಲ್ಲ.

ನನಗಿರುವ ಚಟ ಒಂದೇ. ದೇವಿಕೊಪ್ಪದ ಕಡೆ ಒಂದು ಕೆರೆ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಆ ದಂಡೆಯ ಮೇಲೆ ಕುಳಿತು ಹಕ್ಕಿಗಳ ಫೋಟೋ ತೆಗೆಯುತ್ತೇನೆ. ನಾಲ್ಕು ವರ್ಷ ಒಳ್ಳೆಯ ಫೋಟೋಗಳೇ ಬಂದವು. ಹೋದ ಚಳಿಗಾಲದಿಂದ ಎಲ್ಲವೂ ಅಲುಗಿದಂತೆ ಬರತೊಡಗಿದವು. ಮಿಂಚುಳ್ಳಿಗೆ ಎರಡೆರಡು ಕೊಕ್ಕು. ಬೆಳ್ಳಕ್ಕಿ ನೋಡಿದರೆ ಹಗ್ಗದ ಮೇಲೆ ಒಣಹಾಕಿದ ಬನಿಯನ್.

ಯಾರೋ ನನಗೆ ಮೋಸ ಮಾಡಿದ್ದಾರೆ ಎಂದು ಖಾತ್ರಿಯಾಯಿತು. ಯಾರು ಅನ್ನುವುದಷ್ಟೇ ಬಾಕಿ. ಲೆನ್ಸಿನ ಧೂಳು ತೆಗೆಸಲು ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದಿದ್ದೆನಲ್ಲ, ಅಲ್ಲಿ ಒಳಗಿನ ಗಾಜನ್ನೇ ಬದಲಿಸಿರಬೇಕು. ಹೋಗಿ ಜಗಳಾಡಿದೆ. ಅಂಗಡಿಯವನು ಅದೇ ಕ್ಯಾಮೆರಾ ಹಿಡಿದು ನನ್ನ ಸಿಟ್ಟಿನ ಮುಖದ್ದೇ ಒಂದು ಫೋಟೋ ತೆಗೆದು ತೋರಿಸಿದ. ಹುಬ್ಬಿನ ಕೂದಲು ಒಂದೊಂದೂ ಎಣಿಸುವಂತಿತ್ತು. ಅಂಗಡಿಯ ದೀಪದಲ್ಲಿ ಏನೋ ಚಮತ್ಕಾರ ಇರಬೇಕು ಅಂದುಕೊಂಡು ಹೊರಬಿದ್ದೆ.

ಆ ದಿನಗಳಲ್ಲೇ ಇನ್ನೆರಡು ಸಂಗತಿ ನಡೆದಿದ್ದವು. ಚಹಾ ಕಪ್ಪಿನಿಂದ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು. ಕಪ್ಪನ್ನು ಇಷ್ಟು ತುಂಬಬೇಡ ಎಂದು ಹೆಂಡತಿಯ ಮೇಲೆ ರೇಗುತ್ತಿದ್ದೆ. ಅವಳು ಅರ್ಧ ಕಪ್ಪು ಕೊಡತೊಡಗಿದಳು. ಅದೂ ಚೆಲ್ಲಿತು. ಇನ್ನೊಂದು, ಕರು ಹಾಕಿ ನೆಲ ಹಿಡಿದಿದ್ದ ಒಂದು ಆಕಳಿಗೆ ಕ್ಯಾಲ್ಸಿಯಂ ಕೊಡಲು ಹೋಗಿದ್ದೆ. ಕುತ್ತಿಗೆಯ ನರಕ್ಕೆ ಸೂಜಿ ಹಾಕಬೇಕು. ಎರಡು ಸಲ ತಪ್ಪಿತು. ಹಗ್ಗ ಸರಿಯಾಗಿ ಹಿಡಿಯಲು ಬರುವುದಿಲ್ಲವೇ ಎಂದು ಆಕಳಿನ ಯಜಮಾನನನ್ನು ಬೈದೆ. ಅವನು ಹಗ್ಗ ಬಿಗಿಯಾಗಿಯೇ ಹಿಡಿದಿದ್ದ. ನನ್ನ ಕೈಯನ್ನು ನೋಡುತ್ತಿದ್ದ.

ಇವನ್ನೆಲ್ಲ ಒಂದಕ್ಕೊಂದು ಜೋಡಿಸುವಷ್ಟು ಬುದ್ಧಿ ನನಗಿತ್ತು, ಧೈರ್ಯ ಇರಲಿಲ್ಲ. ನನ್ನ ನೌಕರಿ, ಮಾನ, ಹತ್ತು ಹಳ್ಳಿಯವರ ನಂಬಿಕೆ ಎಲ್ಲ ಈ ಬಲಗೈಯ ಮೇಲೆ ನಿಂತಿತ್ತು. ಜಗತ್ತಿನಲ್ಲಿ ನಾನು ಅನುಮಾನ ಪಡದೆ ಉಳಿಸಿಕೊಂಡಿದ್ದ ವಸ್ತು ಇದೊಂದೇ. ಹಾಗಾಗಿ ಕ್ಯಾಮೆರಾ ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಒಂದನ್ನು ಕೊಂಡು, ಅದರ ಮೇಲಿಟ್ಟರೂ ಫೋಟೋ ಕೆಟ್ಟರೆ ತಪ್ಪು ಕ್ಯಾಮೆರಾದ್ದೇ ಎಂದು ಸಾಬೀತು ಮಾಡಲು ಹೊರಟೆ.

ಮೊಬೈಲಿನಲ್ಲಿ ನೋಡಿದರೆ ನೂರೆಂಟು ನಮೂನೆ. ಕೆಳಗೆ ಹೊಗಳಿ ಬರೆದವರೆಲ್ಲ ಒಂದೇ ಮಗ್ಗಿ ಒಪ್ಪಿಸಿದಂತೆ ಬರೆದಿದ್ದರು. ಎಲ್ಲರೂ ಮಾರುವವನ ಬೀಗರೇ ಇರಬೇಕು. ಪೇಟೆಯ ಅಂಗಡಿಯೊಂದರಲ್ಲಿ ಒಂದನ್ನು ನಿಲ್ಲಿಸಿ ತೋರಿಸಿದರು, ಅದೂ ಕಾಲನ್ನು ಅರ್ಧ ಮಾತ್ರ ಎಳೆದು. ಪೂರ್ತಿ ಎಳೆಯಿರಿ ಅಂದೆ. ಎಳೆದರು. ಈಗ ಫ್ಯಾನಿನ ಮುಂದಿಡಿ ಅಂದೆ. ಅಂಗಡಿಯವನು ನನ್ನ ಮುಖ ನೋಡಿದ. "ಕೆರಿ ದಂಡಿ ಮ್ಯಾಲ ಗಾಳಿ ಇರತೈತ್ರಿ, ನಿಮ್ಮ ಅಂಗಡಿಯಾಗಿನಂಗ ಅಲ್ಲ" ಅಂದೆ. ಫ್ಯಾನು ಹಾಕಿದ್ದೇ ತಡ, ಆ ಸಣ್ಣ ಕಾಲುಗಳು ಎಳಗರುವಿನ ಕಾಲಿನಂತೆ ನಡುಗಿದವು. ಗಟ್ಟಿಮುಟ್ಟಾದದ್ದು ಇನ್ನೊಂದಿತ್ತು. ಅದನ್ನು ಬೈಕಿಗೆ ಕಟ್ಟಿದರೆ ಹಿಂದೆ ಹೆಂಡತಿಗೆ ಜಾಗವಿಲ್ಲ. ಹಗುರವೂ ಗಟ್ಟಿಯೂ ಆದದ್ದೂ ಇತ್ತು. ಅದರ ಬೆಲೆ ಕೇಳಿ, ನೀರು ಕುಡಿದು ಬಂದೆ.

ಅಷ್ಟರಲ್ಲಿ ಮಿಶ್ರಿಕೋಟಿಯಲ್ಲಿ ಒಬ್ಬರ ಹತ್ತಿರ ಹಳೆಯದೊಂದು ಇದೆಯೆಂದು ಗೊತ್ತಾಯಿತು. ಮೊದಲು ಮದುವೆಗಳ ಫೋಟೋ ತೆಗೆಯುತ್ತಿದ್ದವರು, ಈಗ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದಾರೆ. ಬೆಲೆ ಕಡಿಮೆ. ಕಡಿಮೆ ಅಂದ ಕೂಡಲೇ ನನ್ನ ಅನುಮಾನ ಮೈಮುರಿದು ಎದ್ದಿತು. ಚಲೋ ಎತ್ತನ್ನು ಯಾರಾದರೂ ಸುಮ್ಮನೆ ಮಾರುತ್ತಾರೆಯೇ? ಅದಕ್ಕೇ ದನದ ಸಂತೆಯ ದಲಾಲಿ ಕಾಕಾನನ್ನು ಜೊತೆಗೆ ಕರೆದೆ. ಎಪ್ಪತ್ತು ದಾಟಿದ ಮನುಷ್ಯ, ಎತ್ತಿನ ವ್ಯಾಪಾರದಲ್ಲಿ ಮುಳುಗಿ ಎದ್ದವರು. ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ದಲಾಲಿ ಅಂದಮೇಲೆ ಎರಡೂ ಕಡೆಯವನೇ.

"ನಾಕ ಕಾಲಿಂದು ಭಾಳ ಕೊಡಿಸೀನ್ರಿ ಡಾಕ್ಟ್ರ, ಮೂರ ಕಾಲಿಂದು ಇದ ಪೈಲಾ" ಎಂದು ನಗುತ್ತ ಬೈಕ್ ಹತ್ತಿದರು.

ಗಿರಣಿಯ ಮುಂದಿನ ಅಂಗಳದಲ್ಲಿ ಟ್ರೈಪಾಡ್ ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಅದನ್ನೂ ನನ್ನನ್ನೂ ನೋಡಿ, "ಹೊಲಾ ಅಳ್ಯಾಕ ಬಂದೀರೇನ್ರಿ? ಯಾರ ಹೊಲಾ ರಸ್ತೆಕ ಹೋಗತೈತಿ?" ಎಂದು ಕೇಳಿದಳು. ಅಲ್ಲ ಅಂದರೂ ನಂಬಲಿಲ್ಲ. ನನ್ನಂಥವರು ಇನ್ನೂ ಇದ್ದಾರಲ್ಲ ಎಂದು ಖುಷಿಯಾಯಿತು.

ಕಾಕಾ ಕೆಲಸಕ್ಕೆ ಶುರುಮಾಡಿದರು. ಎತ್ತಿನ ಕಾಲು ನೋಡುವಂತೆಯೇ ಮೇಲಿನಿಂದ ಕೆಳಗೆ ಕೈ ಆಡಿಸಿದರು, ತುದಿಯ ರಬ್ಬರನ್ನು ಗೊರಸಿನಂತೆ ಒತ್ತಿದರು. "ಒಮ್ಮಿ ಕೂಡ್ರಿಸಿ ಎಬ್ಬಸ್ರಿ" ಅಂದರು. ಮಡಚಿ ಬಿಚ್ಚಿದೆ, ಮಡಚಿ ಬಿಚ್ಚಿದೆ. "ಈ ಕಾಲ ಸ್ವಲ್ಪ ಸಡ್ಲ ಐತ್ರಿ, ಆದ್ರ ರೋಗ ಅಲ್ಲ. ಸ್ಕ್ರೂ ಬಿಗದ್ರ ಸಾಕು." ನಡುವಿನ ಕೊಕ್ಕೆಗೆ ಗಿರಣಿಯ ಐದು ಕಿಲೋ ಕಲ್ಲೊಂದನ್ನು ಚೀಲದಲ್ಲಿ ಹಾಕಿ ತೂಗುಬಿಟ್ಟರು. ಮೂರು ಕಾಲೂ ನೆಲ ಕಚ್ಚಿ ನಿಂತವು. ನನಗೂ ಮೆಚ್ಚಿಕೆಯಾಯಿತು, ತೋರಿಸಲಿಲ್ಲ.

ಮಾರುವವರು ಎದುರಿಗೇ ಇದ್ದರು. ನಾನು ಎಷ್ಟರವರೆಗೆ ಹೋಗಬಹುದು ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಕಿ, ಕೆಳಗಿನಿಂದ ಬೆರಳುಗಳನ್ನು ಹಿಡಿದರು. ದನದ ಸಂತೆಯಲ್ಲಿ ದರ ಆಗುವುದೇ ಹೀಗೆ. ಎಷ್ಟು ಬೆರಳು ಒತ್ತಿದರೆ ಎಷ್ಟು ಅನ್ನುವುದು ಟವೆಲ್ಲಿನ ಕೆಳಗಿನ ಎರಡು ಕೈಗಳಿಗೆ ಮಾತ್ರ ಗೊತ್ತು. ನಾನು ಮೂರು ಬೆರಳು ಒತ್ತಿದೆ. ಕಾಕಾ ಬಿಡಲಿಲ್ಲ. ಮತ್ತೆ ಒತ್ತಿದೆ. ಆಗಲೂ ಹಿಡಿದೇ ಇದ್ದರು, ನನ್ನ ಮುಖ ನೋಡುತ್ತ. ಕಾಕಾ ಸಿಕ್ಕಿಬಿದ್ದರು ಅಂದುಕೊಂಡೆ. ಆ ಕಡೆಯವರ ಜೊತೆ ಮೊದಲೇ ಮಾತಾಗಿದೆ, ನನ್ನಿಂದ ಇನ್ನೊಂದು ಬೆರಳು ಏರಿಸಲು ನೋಡುತ್ತಿದ್ದಾರೆ. ಆದರೆ ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಎರಡೇ ಮಾತಿನಲ್ಲಿ ನಾನು ಹೇಳಿದ್ದಕ್ಕಿಂತ ಕಡಿಮೆಗೆ ವ್ಯಾಪಾರ ಮುಗಿಸಿಬಿಟ್ಟರು.

ಊರ ಹೊರಗೆ ಚಹಾ ಕುಡಿಯಲು ನಿಂತಾಗ ಕೇಳಿದರು. "ಡಾಕ್ಟ್ರ, ನಿಮ್ಮ ಕೈ ಯಾವಾಗಿಂದ ಹಿಂಗ ನಡಗಾಕ ಹತ್ತೇತ್ರಿ?"

"ಥಂಡಿಗೆ" ಅಂದೆ.

"ಅಲ್ರಿ. ಹುಡುಗ ಇದ್ದಾಗಿಂದ ಮಂದಿ ಕೈ ಹಿಡದ ಧಂದೆ ಮಾಡೀನಿ. ಆಸೆಗೆ ನಡಗೂ ಕೈ ಗೊತ್ತೈತಿ, ಅಂಜಿಕಿಗೆ ನಡಗೂದೂ ಗೊತ್ತೈತಿ. ಇದು ಬ್ಯಾರೆ ಐತ್ರಿ. ತೋರಸ್ಕೋರಿ."

ಕೆಟ್ಟ ಸಿಟ್ಟು ಬಂತು. ನಿಮ್ಮ ದಲಾಲಿ ಎಷ್ಟು ಹೇಳಿ, ಡಾಕ್ಟರಿಕೆ ನನಗೆ ಬಿಡಿ ಅಂದೆ. ಕಾಕಾ ದಲಾಲಿ ತೆಗೆದುಕೊಳ್ಳಲಿಲ್ಲ. ಅದನ್ನೂ ಅನುಮಾನದಿಂದಲೇ ನೋಡಿದೆ.

ಮರುದಿನ ಬೆಳಿಗ್ಗೆ ಕೆರೆಗೆ ಹೋದೆ. ಟ್ರೈಪಾಡಿನ ಕಾಲುಗಳನ್ನು ಗಿಡ್ಡವಾಗಿಯೇ ನಿಲ್ಲಿಸಿ, ಕೊಕ್ಕೆಗೆ ಕಲ್ಲಿನ ಚೀಲ ಕಟ್ಟಿದೆ. ನೀರಿನಲ್ಲಿ ನೆಟ್ಟಿದ್ದ ಗೂಟದ ಮೇಲೆ ಮಿಂಚುಳ್ಳಿ ಕುಳಿತಿತ್ತು. ಗಾಳಿ ಇರಲಿಲ್ಲ. ಬಟನ್ ಒತ್ತಿದೆ. ಎರಡು ಕೊಕ್ಕು. ಮತ್ತೆ ಒತ್ತಿದೆ. ಎರಡೇ. ನೋಡಿದೆಯಾ, ಟ್ರೈಪಾಡೂ ಮೋಸ, ಕಾಕಾನೂ ಮೋಸ ಎಂದು ಒಂದು ಕ್ಷಣ ಎಷ್ಟು ಹಗುರವಾಯಿತು ಹೇಳಲಾರೆ. ಆದರೆ ಅನುಮಾನದವನ ಹಣೆಬರಹ ಇದು. ಅಲ್ಲಿಗೇ ಬಿಡಲು ಆಗಲಿಲ್ಲ. ಕ್ಯಾಮೆರಾದಲ್ಲಿ ಟೈಮರ್ ಇದೆ. ಒತ್ತಿ ಕೈ ತೆಗೆದರೆ ಹತ್ತು ಸೆಕೆಂಡಿನ ನಂತರ ತಾನೇ ಫೋಟೋ ತೆಗೆಯುತ್ತದೆ. ಅದನ್ನು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತೆ. ಕೆಂಪು ದೀಪ ಮಿಣುಕುತ್ತಿತ್ತು. ಫೋಟೋ ಕೆಟ್ಟು ಬರಲಿ ಎಂದು ನಾನು ದೇವರನ್ನು ಕೇಳಿಕೊಂಡಿದ್ದು ಅದೊಂದೇ ಸಲ.

ನೋಡಿದರೆ ಒಂದೇ ಕೊಕ್ಕು. ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು ಸಹ ಕಾಣುತ್ತಿತ್ತು. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಅತ್ಯಂತ ಚೆನ್ನಾಗಿರುವುದು. ದಂಡೆಯ ಮೇಲೆ ಕುಳಿತು ಅತ್ತೆ.

ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ನಡುಕ ಹೆಚ್ಚಾಗುತ್ತದೋ ಇಷ್ಟಕ್ಕೇ ನಿಲ್ಲುತ್ತದೋ ಈಗಲೇ ಹೇಳಲಾಗದು, ನೋಡುತ್ತಿರಬೇಕು ಅಂದರು. ಈಗ ಕುತ್ತಿಗೆಗೆ ಸೂಜಿ ಹಾಕುವವಳು ನಮ್ಮ ಆಸ್ಪತ್ರೆಯ ಸಹಾಯಕಿ. ನಾನು ಹಗ್ಗ ಹಿಡಿಯುತ್ತೇನೆ. ಆ ದಿನ ಬೈಸಿಕೊಂಡ ಆಕಳಿನ ಯಜಮಾನನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಬಂದೆ.

ಹೆಚ್ಚಾಗಿದೆಯೇ ಇಲ್ಲವೇ ನನಗೇ ತಿಳಿಯುವುದಿಲ್ಲ. ನನ್ನ ಕೈಯ ವಿಷಯದಲ್ಲಿ ನಾನು ನಂಬಿಕಸ್ತ ಸಾಕ್ಷಿ ಅಲ್ಲ. ಹೆಂಡತಿಯನ್ನು ಕೇಳಿದರೆ ಅವಳ ಕಣ್ಣು ತುಂಬುತ್ತದೆ. ಹೀಗಾಗಿ ಪ್ರತಿ ಸಂತೆಯ ದಿನ ದನಗಳ ಸಾಲಿಗೆ ಹೋಗಿ ಕಾಕಾನ ಮುಂದೆ ಬಲಗೈ ಚಾಚುತ್ತೇನೆ. ಅವರು ಟವೆಲ್ ಹೊದಿಸಿ ಬೆರಳು ಹಿಡಿಯುತ್ತಾರೆ. ಸುತ್ತಲಿನವರು ಯಾವುದೋ ಎತ್ತಿನ ದರ ನಡೆದಿದೆ ಅಂದುಕೊಳ್ಳುತ್ತಾರೆ. ಹೋದ ವಾರ ಒಬ್ಬ, "ಕಾಕಾ, ಎಷ್ಟಕ್ಕ ಹೊಂದತು?" ಎಂದು ಕೂಗಿದ. "ಇನ್ನಾ ಹೊಂದಿಲ್ಲೋ ತಮ್ಮಾ" ಎಂದು ಕಾಕಾ ಅವನಿಗೆ ಹೇಳಿ, ನನಗೆ ಮಾತ್ರ ಕೇಳುವಂತೆ ಅಂದರು: "ಹೋದ ಸಂತಿಯಷ್ಟ ಐತ್ರಿ. ಹೆಚ್ಚಿಗಿ ಇಲ್ಲ."

ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿರಬಹುದು ಎಂಬ ಅನುಮಾನ ಆಗಲೂ ಬಂತು. ಕೈ ಬಿಡಿಸಿಕೊಳ್ಳಲಿಲ್ಲ.